ಮೆಕ್ಯಾನಿಕ್ಸ್ ಲೀನ್

ಮೆಕ್ಯಾನಿಕ್ಸ್ ಲೀನ್ ಎಂಬುದು ಕಟ್ಟಡವನ್ನು ಕಟ್ಟಿದ, ದುರಸ್ತಿ ಮಾಡಿದ ಅಥವಾ ಅದಕ್ಕೆ ಸಾಮಗ್ರಿ ಒದಗಿಸಿದ ವ್ಯಕ್ತಿಗೆ ಬರಬೇಕಾದ ಹಣ ಬಾರದೆ ಹೋದಾಗ, ಆ ಬಾಕಿಗೆ ಆ ಕಟ್ಟಡವನ್ನೂ ಅದು ನಿಂತಿರುವ ನೆಲವನ್ನೂ ಹೊಣೆಯಾಗಿಸುವ ಕಾನೂನುಬದ್ಧ ಹಕ್ಕು. ಇದನ್ನು ನಿರ್ಮಾಣ ಲೀನ್ ಎಂದೂ ಕರೆಯುತ್ತಾರೆ. ಅಮೆರಿಕ ಸಂಯುಕ್ತ ಸಂಸ್ಥಾನದ 50 ರಾಜ್ಯಗಳಲ್ಲಿಯೂ ಕೆನಡಾದ ಪ್ರಾಂತ್ಯಗಳಲ್ಲಿಯೂ ಈ ಹಕ್ಕು ಒಂದಲ್ಲ ಒಂದು ರೂಪದಲ್ಲಿ ಜಾರಿಯಲ್ಲಿದೆ. ಆಸ್ತಿಯ ಮಾಲೀಕನೊಡನೆ ನೇರವಾಗಿ ಕರಾರು ಮಾಡಿಕೊಳ್ಳದ ಉಪಗುತ್ತಿಗೆದಾರ, ಸಾಮಗ್ರಿ ವ್ಯಾಪಾರಿ ಮತ್ತು ಕೂಲಿಕಾರರಿಗೂ ಇದು ದೊರೆಯುವುದು ಇದರ ಮುಖ್ಯ ಲಕ್ಷಣ. ಇದೇ ಕಾರಣದಿಂದ, ಮುಖ್ಯ ಗುತ್ತಿಗೆದಾರನಿಗೆ ಪೂರ್ತಿ ಹಣ ಕೊಟ್ಟು ಮುಗಿಸಿದ ಮಾಲೀಕನೂ ಕೆಲವೊಮ್ಮೆ ಅದೇ ಕೆಲಸಕ್ಕೆ ಎರಡನೆಯ ಬಾರಿ ಹಣ ತೆರಬೇಕಾಗುತ್ತದೆ. ಲೀನ್ ಕುರಿತ ಶಾಸನಗಳ ವಿವರಗಳೆಲ್ಲವೂ ಬಹುಮಟ್ಟಿಗೆ ಈ ಎರಡು ಹಿತಗಳ ನಡುವೆ ಸಮತೋಲ ಸಾಧಿಸುವ ಪ್ರಯತ್ನಗಳಾಗಿವೆ.

ಹೆಸರು

ಲೀನ್ ಎಂಬ ಇಂಗ್ಲಿಷ್ ಪದವು ಫ್ರೆಂಚ್ ಭಾಷೆಯ ಮೂಲಕ, ಕಟ್ಟು ಅಥವಾ ಬಂಧ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದಿದೆ. ಕನ್ನಡದಲ್ಲಿ ಬಳಕೆಯಲ್ಲಿರುವ 'ಲೀನ' ಎಂಬ ಸಂಸ್ಕೃತ ಪದಕ್ಕೂ ಇದಕ್ಕೂ ಸಂಬಂಧವಿಲ್ಲ. ಸಾಲ ಅಥವಾ ಬಾಕಿಯೊಂದಕ್ಕೆ ಒಂದು ವಸ್ತುವನ್ನು ಕಟ್ಟಿಹಾಕುವುದು ಎಂಬುದು ಇದರ ಮೂಲ ಭಾವ. 'ಮೆಕ್ಯಾನಿಕ್' ಎಂದರೆ ಇಂದು ಯಂತ್ರ ಅಥವಾ ವಾಹನ ರಿಪೇರಿ ಮಾಡುವವನು ಎಂಬ ಅರ್ಥ ಮೊದಲು ಹೊಳೆಯುತ್ತದೆ. ಆದರೆ ಈ ಕಾನೂನು ರೂಪುಗೊಂಡ 18ನೆಯ ಶತಮಾನದಲ್ಲಿ ಕೈಕಸುಬಿನಿಂದ ಬದುಕುವ ಯಾವನೇ ಕುಶಲಕರ್ಮಿಯನ್ನೂ, ಅಂದರೆ ಬಡಗಿ, ಕಲ್ಲುಕುಟಿಗ, ಗಾರೆಯವನು ಮುಂತಾದವರನ್ನು, ಆ ಪದದಿಂದ ಸೂಚಿಸುತ್ತಿದ್ದರು. ಹಳೆಯ ಹೆಸರು ಇಂದಿಗೂ ಉಳಿದುಬಂದಿದೆ. ಫ್ಲೋರಿಡಾ, ಒಂಟಾರಿಯೋ ಮೊದಲಾದ ಕಡೆಗಳಲ್ಲಿ 'ನಿರ್ಮಾಣ ಲೀನ್' ಎಂಬ ಹೆಸರು ರೂಢಿಯಲ್ಲಿದೆ.

ಮೂಲ ತತ್ತ್ವ

ಸೈಕಲ್ ರಿಪೇರಿ ಮಾಡಿದವನು ತನ್ನ ಕೂಲಿ ಬರುವ ತನಕ ಸೈಕಲ್ಲನ್ನು ಅಂಗಡಿಯಲ್ಲೇ ಇಟ್ಟುಕೊಳ್ಳಬಲ್ಲನು. ದರ್ಜಿಯು ಹೊಲಿದ ಬಟ್ಟೆಯನ್ನು ಹಣ ಪಡೆದ ಮೇಲೆ ಕೊಡಬಲ್ಲನು. ವಸ್ತು ತಮ್ಮ ವಶದಲ್ಲಿರುವುದೇ ಅವರಿಗೆ ಭದ್ರತೆ. ಇಂಗ್ಲೆಂಡಿನ ಸಾಮಾನ್ಯ ಕಾನೂನು ಈ ಬಗೆಯ ಹಕ್ಕನ್ನು ಬಹು ಹಿಂದೆಯೇ ಒಪ್ಪಿಕೊಂಡಿತ್ತು.

ಕಟ್ಟಡದ ಕೆಲಸಗಾರನ ಸ್ಥಿತಿ ಇದಕ್ಕಿಂತ ಭಿನ್ನ. ಅವನು ಕೆಲಸ ಮಾಡುವುದು ಬೇರೆಯವರ ನೆಲದಲ್ಲಿ. ಇಟ್ಟಿಗೆ ಗೋಡೆಯಾದ ಕ್ಷಣದಿಂದ, ಸಿಮೆಂಟು ತಾರಸಿಯಾದ ಕ್ಷಣದಿಂದ ಅದು ಸ್ಥಿರಾಸ್ತಿಯ ಭಾಗವಾಗಿ ನೆಲದ ಒಡೆಯನಿಗೆ ಸೇರುತ್ತದೆ. ಹಣ ಬರಲಿಲ್ಲವೆಂದು ಗೋಡೆಯನ್ನು ಕಳಚಿಕೊಂಡು ಹೋಗುವಂತಿಲ್ಲ, ಮನೆಯನ್ನು ತನ್ನ ವಶದಲ್ಲಿ ಇಟ್ಟುಕೊಳ್ಳುವಂತೆಯೂ ಇಲ್ಲ. ಮಾಲು ಮತ್ತು ಶ್ರಮ ಎರಡನ್ನೂ ಮೊದಲೇ ಕೊಟ್ಟು, ಹಣಕ್ಕಾಗಿ ಕೊನೆಯಲ್ಲಿ ಕಾಯಬೇಕಾದ ಸ್ಥಿತಿ ಅವನದು. ಮೆಕ್ಯಾನಿಕ್ಸ್ ಲೀನ್ ಈ ಕೊರತೆಯನ್ನು ತುಂಬಲೆಂದೇ ಶಾಸನದ ಮೂಲಕ ಸೃಷ್ಟಿಯಾದ ಹಕ್ಕು. ಇಲ್ಲಿ ಆಸ್ತಿ ಕೆಲಸಗಾರನ ವಶದಲ್ಲಿ ಇರಬೇಕಾಗಿಲ್ಲ. ಭೂದಾಖಲೆಯ ಕಚೇರಿಯಲ್ಲಿ ಅವನ ಬಾಕಿಯು ಆ ಆಸ್ತಿಯ ಮೇಲಿನ ಋಣಭಾರವಾಗಿ ದಾಖಲಾದರೆ ಸಾಕು. ಕೆಲಸದಿಂದ ಆಸ್ತಿಯ ಬೆಲೆ ಏರಿದೆ, ಆದುದರಿಂದ ಆ ಬೆಲೆಯಲ್ಲಿ ಕೆಲಸಗಾರನಿಗೆ ಪಾಲಿದೆ ಎಂಬುದು ಇದರ ಹಿಂದಿನ ನ್ಯಾಯ.

ಇತಿಹಾಸ

ಕಟ್ಟಡದ ಬಾಕಿಗೆ ಕಟ್ಟಡವೇ ಹೊಣೆ ಎಂಬ ವಿಚಾರ ರೋಮನ್ ಕಾನೂನಿನಲ್ಲಿಯೂ ಕಾಣಸಿಗುತ್ತದೆ. ಮನೆಯನ್ನು ಮರಳಿ ಕಟ್ಟಲು ಸಾಲ ಕೊಟ್ಟವನಿಗೆ ಅಲ್ಲಿ ವಿಶೇಷ ಆದ್ಯತೆಯಿತ್ತು. ಫ್ರಾನ್ಸಿನ 1804ರ ನಾಗರಿಕ ಸಂಹಿತೆಯು ವಾಸ್ತುಶಿಲ್ಪಿ, ಗುತ್ತಿಗೆದಾರ, ಗಾರೆಯವರು ಮುಂತಾದವರಿಗೆ ತಾವು ಕಟ್ಟಿದ ಕಟ್ಟಡದ ಮೇಲೆ ಆದ್ಯತೆಯ ಹಕ್ಕನ್ನು ನೀಡಿತು. ಇಂಗ್ಲೆಂಡಿನ ಸಾಮಾನ್ಯ ಕಾನೂನಿನಲ್ಲಿ ಮಾತ್ರ ಸ್ಥಿರಾಸ್ತಿಯ ಮೇಲೆ ಕಟ್ಟಡ ಕೆಲಸಗಾರನಿಗೆ ಅಂತಹ ಹಕ್ಕು ಇರಲಿಲ್ಲ.

ಅಮೆರಿಕದಲ್ಲಿ ಇದರ ಆರಂಭವು ಆ ದೇಶದ ರಾಜಧಾನಿಯ ನಿರ್ಮಾಣದೊಂದಿಗೆ ಹೆಣೆದುಕೊಂಡಿದೆ. ಪೊಟೊಮ್ಯಾಕ್ ನದಿಯ ದಡದಲ್ಲಿ ಹೊಸ ರಾಜಧಾನಿ ವಾಷಿಂಗ್ಟನ್ ನಗರವನ್ನು ಬೇಗನೆ ಕಟ್ಟಬೇಕಾಗಿತ್ತು. ಬಂಡವಾಳ ಕಡಿಮೆಯಿತ್ತು, ಕುಶಲ ಕೆಲಸಗಾರರೂ ವಿರಳವಾಗಿದ್ದರು. ಸಾಲದ ಮೇಲೆ ಕೆಲಸ ಮಾಡುವವರಿಗೂ ಸಾಮಗ್ರಿ ಒದಗಿಸುವವರಿಗೂ ಭರವಸೆ ಕೊಡದೆ ಹೊಸ ಊರು ಏಳುವಂತಿರಲಿಲ್ಲ. ಆಗ ವಿದೇಶಾಂಗ ವ್ಯವಹಾರಗಳ ಹೊಣೆ ಹೊತ್ತಿದ್ದ ಥಾಮಸ್ ಜೆಫರ್ಸನ್ ಹಾಗೂ ಜೇಮ್ಸ್ ಮ್ಯಾಡಿಸನ್ ಅವರು ನಗರದ ಕಮಿಷನರುಗಳೊಡನೆ ಸೇರಿ ಈ ವಿಚಾರಕ್ಕೆ ಬೆಂಬಲ ನೀಡಿದರು. 1791ರಲ್ಲಿ ಮೇರಿಲ್ಯಾಂಡಿನ ಶಾಸನಸಭೆಯು ಹೊಸ ನಗರದ ಕಟ್ಟಡಗಳಿಗೆ ಅನ್ವಯಿಸುವಂತೆ ಅಮೆರಿಕದ ಮೊದಲ ಲೀನ್ ಶಾಸನವನ್ನು ಅಂಗೀಕರಿಸಿತು. 1803ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯವು ಫಿಲಡೆಲ್ಫಿಯಾದ ಕಟ್ಟಡಗಳಿಗಾಗಿ ಇಂತಹುದೇ ಕಾಯ್ದೆ ಮಾಡಿತು. 19ನೆಯ ಶತಮಾನದಲ್ಲಿ ಈ ಪದ್ಧತಿ ಉಳಿದ ರಾಜ್ಯಗಳಿಗೆ ಹರಡಿತು.

ಕ್ಯಾಲಿಫೋರ್ನಿಯಾ 1850ರಲ್ಲಿ, ತನ್ನ ಮೊದಲ ಶಾಸನಸಭೆಯಲ್ಲೇ, ಲೀನ್ ಕಾಯ್ದೆಯನ್ನು ತಂದಿತು. 1879ರ ರಾಜ್ಯ ಸಂವಿಧಾನದಲ್ಲಿ ಇದು ಸಂವಿಧಾನದತ್ತ ಹಕ್ಕಿನ ಸ್ಥಾನ ಪಡೆಯಿತು. ಶಾಸನಸಭೆಯು ಈ ಹಕ್ಕಿನ ವಿಧಾನಗಳನ್ನು ಬದಲಿಸಬಹುದೇ ಹೊರತು ಹಕ್ಕನ್ನೇ ತೆಗೆದುಹಾಕುವಂತಿಲ್ಲ. ಟೆಕ್ಸಾಸ್ ಸಂವಿಧಾನದ 16ನೆಯ ಅಧ್ಯಾಯದ 37ನೆಯ ಪ್ರಕರಣವೂ ಮಾಲೀಕನೊಡನೆ ನೇರ ಕರಾರುಳ್ಳ ಗುತ್ತಿಗೆದಾರನಿಗೆ ಇಂತಹ ಹಕ್ಕನ್ನು ನೀಡಿದೆ.

ಮಾಲೀಕನ ಮಾತನ್ನು ಕೇಳುವ ಮೊದಲೇ ಅವನ ಆಸ್ತಿಯ ಮೇಲೆ ಋಣಭಾರ ಹೂಡುವುದು ನ್ಯಾಯಸಮ್ಮತವೇ ಎಂಬ ಪ್ರಶ್ನೆಯೂ ನ್ಯಾಯಾಲಯದ ಮುಂದೆ ಬಂದಿತು. 1976ರಲ್ಲಿ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯವು ಕನೋಲಿ ಡೆವಲಪ್‌ಮೆಂಟ್ ಪ್ರಕರಣದಲ್ಲಿ ಈ ಪದ್ಧತಿಯನ್ನು ಎತ್ತಿಹಿಡಿಯಿತು. ಮಾಲೀಕನಿಗೆ ಆಗುವ ತೊಡಕು ತಾತ್ಕಾಲಿಕ, ಕೆಲಸಗಾರನ ಶ್ರಮ ಮತ್ತು ಸಾಮಗ್ರಿಯೂ ಆ ಆಸ್ತಿಯಲ್ಲಿ ಸೇರಿಹೋಗಿವೆ, ಆದುದರಿಂದ ಇಬ್ಬರ ಹಿತವನ್ನೂ ತೂಗಿ ನೋಡಬೇಕು ಎಂಬ ದೃಷ್ಟಿಯನ್ನು ನ್ಯಾಯಾಲಯ ತಳೆಯಿತು.

ಯಾರಿಗೆ ಈ ಹಕ್ಕು

ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸಗಳಿದ್ದರೂ ಸಾಮಾನ್ಯವಾಗಿ ಕೆಳಗಿನವರಿಗೆ ಲೀನ್ ಹಕ್ಕು ಇರುತ್ತದೆ.

• ಮಾಲೀಕನೊಡನೆ ನೇರವಾಗಿ ಕರಾರು ಮಾಡಿಕೊಂಡ ಮುಖ್ಯ ಗುತ್ತಿಗೆದಾರ.
• ಮುಖ್ಯ ಗುತ್ತಿಗೆದಾರನಿಂದ ಕೆಲಸದ ಒಂದು ಭಾಗವನ್ನು ವಹಿಸಿಕೊಂಡ ಉಪಗುತ್ತಿಗೆದಾರ. ವಿದ್ಯುತ್ ಕೆಲಸ, ನಲ್ಲಿ ಕೆಲಸ, ಬಣ್ಣದ ಕೆಲಸ ಮುಂತಾದವು ಸಾಮಾನ್ಯವಾಗಿ ಹೀಗೆ ಹಂಚಿಕೆಯಾಗುತ್ತವೆ.
• ಮರಮುಟ್ಟು, ಕಬ್ಬಿಣ, ಸಿಮೆಂಟು ಮೊದಲಾದ ಸಾಮಗ್ರಿ ಪೂರೈಸಿದ ವ್ಯಾಪಾರಿ, ಯಂತ್ರಗಳನ್ನು ಬಾಡಿಗೆಗೆ ಕೊಟ್ಟವರು.
• ದಿನಗೂಲಿ ಅಥವಾ ವಾರಗೂಲಿಗೆ ದುಡಿದ ಕೆಲಸಗಾರರು.
• ಅನೇಕ ರಾಜ್ಯಗಳಲ್ಲಿ ನಕ್ಷೆ ತಯಾರಿಸಿದ ವಾಸ್ತುಶಿಲ್ಪಿ, ಎಂಜಿನಿಯರ್ ಮತ್ತು ಭೂಮಾಪಕರು.

ಕೆಲಸವು ಆಸ್ತಿಯ ಶಾಶ್ವತ ಸುಧಾರಣೆಗೆ ಸಂಬಂಧಿಸಿರಬೇಕು. ಲೈಸೆನ್ಸ್ ಕಡ್ಡಾಯವಾಗಿರುವ ಕಡೆ ಲೈಸೆನ್ಸ್ ಇಲ್ಲದ ಗುತ್ತಿಗೆದಾರನಿಗೆ ಲೀನ್ ದೊರೆಯದಿರಬಹುದು. ಕ್ಯಾಲಿಫೋರ್ನಿಯಾದಲ್ಲಿ ಅಂಥವನಿಗೆ ಲೀನ್ ಮಾತ್ರವಲ್ಲ, ಕೂಲಿಗಾಗಿ ದಾವೆ ಹೂಡುವ ಹಕ್ಕೂ ಇಲ್ಲ. ಟೆಕ್ಸಾಸ್‌ನಲ್ಲಿ ಕುಟುಂಬವು ವಾಸಿಸುವ ಮನೆಯ ಮೇಲೆ ಲೀನ್ ಸಿಂಧುವಾಗಬೇಕಾದರೆ ಕೆಲಸ ಆರಂಭವಾಗುವ ಮೊದಲೇ ಲಿಖಿತ ಕರಾರು ಆಗಿರಬೇಕು. ಮಾಲೀಕರು ವಿವಾಹಿತರಾಗಿದ್ದರೆ ಪತಿ ಪತ್ನಿ ಇಬ್ಬರೂ ಅದಕ್ಕೆ ಸಹಿ ಹಾಕಿರಬೇಕು.

ಬಾಕಿ ವಸೂಲಿಯ ಹಂತಗಳು

ಲೀನ್ ಹಕ್ಕು ತಾನಾಗಿ ಫಲ ಕೊಡುವುದಿಲ್ಲ. ಶಾಸನವು ವಿಧಿಸಿದ ಹಂತಗಳನ್ನು, ವಿಧಿಸಿದ ಗಡುವಿನೊಳಗೆ ಪೂರೈಸಬೇಕು. ಬಾಕಿ ನಿಜವಾದುದಾದರೂ ಗಡುವು ಮೀರಿದರೆ ಲೀನ್ ಹಕ್ಕು ನಷ್ಟವಾಗುತ್ತದೆ. ಆ ಬಳಿಕ ಕರಾರಿನ ಆಧಾರದ ಮೇಲೆ ಸಾಮಾನ್ಯ ದಾವೆ ಹೂಡುವ ದಾರಿಯೊಂದೇ ಉಳಿಯುತ್ತದೆ.

ಮೊದಲ ಹಂತ: ಮುನ್ಸೂಚನೆ. ತನ್ನ ಮನೆಗೆ ಯಾವ ಅಂಗಡಿಯಿಂದ ಮರ ಬಂತು, ನೆಲಹಾಸನ್ನು ಯಾರು ಹಾಕಿದರು ಎಂಬುದು ಮಾಲೀಕನಿಗೆ ತಿಳಿದಿರಬೇಕೆಂದಿಲ್ಲ. ಆದುದರಿಂದ ಅನೇಕ ರಾಜ್ಯಗಳಲ್ಲಿ ಉಪಗುತ್ತಿಗೆದಾರರೂ ವ್ಯಾಪಾರಿಗಳೂ ಕೆಲಸದ ಆರಂಭದಲ್ಲಿಯೇ ಮಾಲೀಕನಿಗೆ ಲಿಖಿತ ಸೂಚನೆ ಕೊಡಬೇಕು. ಇದು ಆರೋಪವಲ್ಲ, ಬಾಕಿಯ ತಗಾದೆಯೂ ಅಲ್ಲ. ಈ ಕೆಲಸದಲ್ಲಿ ತಾನೂ ಇದ್ದೇನೆ, ತನಗೆ ಹಣ ಸಲ್ಲದಿದ್ದರೆ ಲೀನ್ ಹಕ್ಕಿದೆ ಎಂದು ತಿಳಿಸುವುದಷ್ಟೇ ಇದರ ಉದ್ದೇಶ. ಕ್ಯಾಲಿಫೋರ್ನಿಯಾದಲ್ಲಿ ಕೂಲಿಕಾರರಿಗೆ ಈ ಸೂಚನೆಯಿಂದ ವಿನಾಯಿತಿ ಇದೆ. ಯೂಟಾ ರಾಜ್ಯದಲ್ಲಿ ಇಂತಹ ಸೂಚನೆಗಳನ್ನು ಅಂತರ್ಜಾಲದಲ್ಲಿರುವ ರಾಜ್ಯ ನಿರ್ಮಾಣ ನೋಂದಣಿಯಲ್ಲಿ ದಾಖಲಿಸುವ ಏರ್ಪಾಡಿದೆ.

ಎರಡನೆಯ ಹಂತ: ಲೀನ್ ದಾಖಲಿಸುವುದು. ಹಣ ಬಾರದಿದ್ದಾಗ, ಆಸ್ತಿ ಇರುವ ಕೌಂಟಿಯ ಭೂದಾಖಲೆ ಕಚೇರಿಯಲ್ಲಿ ಲೀನ್ ಪತ್ರವನ್ನು ದಾಖಲಿಸಬೇಕು. ಕೆಲವು ರಾಜ್ಯಗಳಲ್ಲಿ ಇದು ನ್ಯಾಯಾಲಯದ ಅಥವಾ ಕೌಂಟಿ ಗುಮಾಸ್ತರ ಕಚೇರಿಯಲ್ಲಿ ಆಗುತ್ತದೆ. ಕರ್ನಾಟಕದ ಉಪನೋಂದಣಾಧಿಕಾರಿ ಕಚೇರಿಯನ್ನು ಇದಕ್ಕೆ ಸ್ಥೂಲವಾಗಿ ಹೋಲಿಸಬಹುದು. ಪತ್ರದಲ್ಲಿ ಬಾಕಿಯ ಮೊತ್ತ, ಮಾಡಿದ ಕೆಲಸ ಅಥವಾ ಕೊಟ್ಟ ಸಾಮಗ್ರಿಯ ವಿವರ, ಕೆಲಸ ಕೊಟ್ಟವರ ಹೆಸರು, ಮಾಲೀಕನ ಹೆಸರು ಮತ್ತು ಆಸ್ತಿಯ ಗುರುತು ಇರಬೇಕು. ಇದರ ಪ್ರತಿಯನ್ನು ಮಾಲೀಕನಿಗೆ ತಲುಪಿಸಬೇಕು. ಮೊತ್ತವನ್ನು ಬೇಕೆಂದೇ ಉಬ್ಬಿಸಿ ಬರೆದರೆ ಲೀನ್ ರದ್ದಾಗುವುದಲ್ಲದೆ, ನ್ಯೂಯಾರ್ಕ್ ಮತ್ತು ಫ್ಲೋರಿಡಾದಂತಹ ರಾಜ್ಯಗಳಲ್ಲಿ ಹಕ್ಕುದಾರನೇ ಪರಿಹಾರ ತೆರಬೇಕಾದೀತು.

ಮೂರನೆಯ ಹಂತ: ದಾವೆ. ದಾಖಲಾದ ಲೀನ್ ಅನಿರ್ದಿಷ್ಟ ಕಾಲ ಉಳಿಯುವುದಿಲ್ಲ. ನಿಗದಿತ ಅವಧಿಯೊಳಗೆ ನ್ಯಾಯಾಲಯದಲ್ಲಿ ಲೀನ್ ಜಾರಿಯ ದಾವೆ ಹೂಡಬೇಕು. ಕೆಲಸ ನಡೆದದ್ದು, ಮೊತ್ತ ನ್ಯಾಯವಾದದ್ದು, ಸೂಚನೆಗಳು ಸರಿಯಾಗಿ ತಲುಪಿದ್ದು ಸಾಬೀತಾದರೆ ಆಸ್ತಿಯನ್ನು ಹರಾಜು ಹಾಕಿ ಬಾಕಿ ತೀರಿಸಲು ನ್ಯಾಯಾಲಯ ಆದೇಶಿಸಬಹುದು. ಲೀನ್ ದಾವೆಯೊಂದಿಗೆ ಕರಾರು ಭಂಗದ ದಾವೆಯನ್ನೂ ಹೂಡಲು ಅಡ್ಡಿಯಿಲ್ಲ.

ಕೆಲವು ಗಡುವುಗಳು

• ಕ್ಯಾಲಿಫೋರ್ನಿಯಾ: ಮುನ್ಸೂಚನೆಗೆ ಕೆಲಸ ಆರಂಭಿಸಿದಂದಿನಿಂದ 20 ದಿನ. ತಡವಾಗಿ ಕೊಟ್ಟರೆ ಸೂಚನೆಗೆ ಹಿಂದಿನ 20 ದಿನಗಳಿಂದ ಈಚಿನ ಕೆಲಸಕ್ಕೆ ಮಾತ್ರ ಹಕ್ಕು. ಕಾಮಗಾರಿ ಮುಗಿದ 90 ದಿನಗಳೊಳಗೆ ಲೀನ್ ದಾಖಲಿಸಬೇಕು. ಕೆಲಸ ಮುಗಿದ ಪ್ರಕಟಣೆಯನ್ನು ಮಾಲೀಕನು ದಾಖಲಿಸಿದ್ದರೆ ಮುಖ್ಯ ಗುತ್ತಿಗೆದಾರನಿಗೆ 60 ದಿನ, ಉಳಿದವರಿಗೆ 30 ದಿನ. ಲೀನ್ ದಾಖಲಾದ 90 ದಿನಗಳೊಳಗೆ ದಾವೆ ಹೂಡಬೇಕು.
• ಫ್ಲೋರಿಡಾ: ಮಾಲೀಕನೊಡನೆ ನೇರ ಕರಾರಿಲ್ಲದವರು ತಮ್ಮ ಕೆಲಸ ಆರಂಭವಾದ 45 ದಿನಗಳೊಳಗೆ ಮಾಲೀಕನಿಗೆ ಸೂಚನೆ ಕೊಡಬೇಕು. ತಮ್ಮ ಕೊನೆಯ ಕೆಲಸ ಅಥವಾ ಪೂರೈಕೆಯಿಂದ 90 ದಿನಗಳೊಳಗೆ ಲೀನ್ ದಾಖಲಿಸಬೇಕು. ದಾವೆಗೆ 1 ವರ್ಷ. ಮಾಲೀಕನು ಲೀನನ್ನು ಪ್ರಶ್ನಿಸುವ ಸೂಚನೆ ದಾಖಲಿಸಿದರೆ ಈ ಅವಧಿ 60 ದಿನಗಳಿಗೆ ಇಳಿಯುತ್ತದೆ.
• ನ್ಯೂಯಾರ್ಕ್: ಕೊನೆಯ ಕೆಲಸದಿಂದ 8 ತಿಂಗಳು. ಒಂದೇ ಕುಟುಂಬದ ವಾಸದ ಮನೆಯಾದರೆ 4 ತಿಂಗಳು. ಲೀನಿನ ಆಯುಷ್ಯ ಸಾಮಾನ್ಯವಾಗಿ 1 ವರ್ಷ.
• ಒಂಟಾರಿಯೋ (ಕೆನಡಾ): ಲೀನ್ ದಾಖಲಿಸಲು 60 ದಿನ, ಆ ಬಳಿಕ ದಾವೆ ಹೂಡಲು 90 ದಿನ.

ಒತ್ತಡದ ಸಾಧನವಾಗಿ ಲೀನ್

ಪ್ರಕರಣಗಳು ಹರಾಜಿನ ತನಕ ಹೋಗುವುದು ಸಾಮಾನ್ಯವಲ್ಲ. ಲೀನಿನ ಬಲವಿರುವುದು ದಾಖಲೆಯಲ್ಲಿ. ಆಸ್ತಿಯನ್ನು ಕೊಳ್ಳಲು ಬಂದವರು, ಸಾಲ ಕೊಡಲು ಬಂದ ಬ್ಯಾಂಕಿನವರು ಭೂದಾಖಲೆಯನ್ನು ಪರಿಶೀಲಿಸುತ್ತಾರೆ. ಅಲ್ಲಿ ಲೀನ್ ಕಂಡರೆ ಕ್ರಯವೂ ಸಾಲವೂ ನಿಲ್ಲುತ್ತವೆ. ನಿರ್ಮಾಣಕ್ಕೆ ಕಂತಿನಲ್ಲಿ ಸಾಲ ಕೊಡುತ್ತಿರುವ ಬ್ಯಾಂಕು ಮುಂದಿನ ಕಂತನ್ನು ತಡೆಹಿಡಿಯಬಹುದು. ಹೀಗಾಗಿ ಬಾಕಿ ತೀರಿಸಿ ಆಸ್ತಿಯನ್ನು ಋಣಮುಕ್ತಗೊಳಿಸುವುದೇ ಮಾಲೀಕನಿಗೆ ಲಾಭಕರವಾಗುತ್ತದೆ. ಮುಖ್ಯ ಗುತ್ತಿಗೆದಾರನು ದಿವಾಳಿಯೆದ್ದು ಹೋದರೂ ಉಪಗುತ್ತಿಗೆದಾರನ ಲೀನ್ ಆಸ್ತಿಯ ಮೇಲೆ ನಿಲ್ಲಬಲ್ಲದು. ಸಾಮಾನ್ಯ ಸಾಲದಾತರ ಸಾಲಿನ ಕೊನೆಯಲ್ಲಿ ನಿಲ್ಲಬೇಕಾದವನಿಗೆ ಇದು ಭದ್ರತೆಯುಳ್ಳ ಸಾಲದಾತನ ಸ್ಥಾನ ಕೊಡುತ್ತದೆ.

ಆಸ್ತಿಯ ಮೇಲೆ ಬ್ಯಾಂಕಿನ ಅಡಮಾನವೂ ಇದ್ದಾಗ ಯಾರಿಗೆ ಮೊದಲು ಹಣ ಸಲ್ಲಬೇಕು ಎಂಬ ಪ್ರಶ್ನೆ ಏಳುತ್ತದೆ. ಕ್ಯಾಲಿಫೋರ್ನಿಯಾ ಸೇರಿದಂತೆ ಹಲವು ರಾಜ್ಯಗಳಲ್ಲಿ ಲೀನನ್ನು ಯಾವಾಗ ದಾಖಲಿಸಿದ್ದರೂ ಅದರ ಆದ್ಯತೆಯನ್ನು ನಿವೇಶನದಲ್ಲಿ ಕಾಮಗಾರಿ ಆರಂಭವಾದ ದಿನದಿಂದ ಎಣಿಸಲಾಗುತ್ತದೆ. ಅದಕ್ಕೂ ಮೊದಲೇ ದಾಖಲಾದ ಅಡಮಾನ ಮುಂದೆ ನಿಲ್ಲುತ್ತದೆ, ಆಮೇಲೆ ದಾಖಲಾದದ್ದು ಹಿಂದೆ ಸರಿಯುತ್ತದೆ. ಈ ಕಾರಣದಿಂದ ಸಾಲ ಕೊಡುವವರು ಅಡಮಾನ ದಾಖಲಿಸುವ ಮುನ್ನ, ನಿವೇಶನದಲ್ಲಿ ಅಗೆತ ಆರಂಭವಾಗಿಲ್ಲವೆಂದೂ ಸಾಮಗ್ರಿ ಬಂದು ಬಿದ್ದಿಲ್ಲವೆಂದೂ ಪರೀಕ್ಷಿಸಿ ಛಾಯಾಚಿತ್ರ ತೆಗೆದಿಡುವುದುಂಟು.

ಇಮ್ಮಡಿ ಪಾವತಿಯ ಸಮಸ್ಯೆ

ಒಬ್ಬ ಗೃಹಿಣಿಯು ಅಡುಗೆಮನೆಯ ನವೀಕರಣವನ್ನು 50,000 ಡಾಲರಿಗೆ ಗುತ್ತಿಗೆ ಕೊಟ್ಟು, ಕೆಲಸ ಮುಗಿದೊಡನೆ ಪೂರ್ತಿ ಹಣ ಸಲ್ಲಿಸಿದಳು ಎಂದಿಟ್ಟುಕೊಳ್ಳೋಣ. ಗುತ್ತಿಗೆದಾರನು ಕಪಾಟುಗಳನ್ನು ಮಾಡಿದ ಬಡಗಿಗೆ ಕೊಡಬೇಕಾದ 12,000 ಡಾಲರ್ ಕೊಡದೆ ಮಾಯವಾದನು. ಬಡಗಿಯು ಸಕಾಲದಲ್ಲಿ ಮುನ್ಸೂಚನೆ ಕೊಟ್ಟಿದ್ದರೆ ಆ ಮನೆಯ ಮೇಲೆ 12,000 ಡಾಲರಿನ ಲೀನ್ ದಾಖಲಿಸಬಹುದು. ಗೃಹಿಣಿ ತಪ್ಪು ಮಾಡಿಲ್ಲ, ಬಡಗಿಯೂ ತಪ್ಪು ಮಾಡಿಲ್ಲ. ಮೂರನೆಯವನ ತಪ್ಪಿನ ನಷ್ಟವನ್ನು ಈ ಇಬ್ಬರಲ್ಲಿ ಯಾರು ಹೊರಬೇಕು ಎಂಬುದೇ ಲೀನ್ ಕಾನೂನಿನ ಅತ್ಯಂತ ಕಠಿಣ ಪ್ರಶ್ನೆ.

ಇದಕ್ಕೆ ಅಮೆರಿಕದ ರಾಜ್ಯಗಳು ಎರಡು ಬಗೆಯ ಉತ್ತರ ಕೊಟ್ಟಿವೆ. ಪೆನ್ಸಿಲ್ವೇನಿಯಾ ಪದ್ಧತಿ ಎಂದು ಹೆಸರಾದ ಕ್ರಮದಲ್ಲಿ ಉಪಗುತ್ತಿಗೆದಾರನ ಹಕ್ಕು ಸ್ವತಂತ್ರವಾದುದು. ಮಾಲೀಕನು ಮುಖ್ಯ ಗುತ್ತಿಗೆದಾರನಿಗೆ ಎಷ್ಟು ಕೊಟ್ಟಿದ್ದಾನೆ ಎಂಬುದನ್ನು ಇಲ್ಲಿ ಲೆಕ್ಕಿಸುವುದಿಲ್ಲ. ನ್ಯೂಯಾರ್ಕ್ ಪದ್ಧತಿಯಲ್ಲಿ ಉಪಗುತ್ತಿಗೆದಾರನ ಹಕ್ಕು ಮುಖ್ಯ ಗುತ್ತಿಗೆದಾರನ ಹಕ್ಕಿನಿಂದ ಹುಟ್ಟಿದ್ದು. ಮಾಲೀಕನು ಮುಖ್ಯ ಗುತ್ತಿಗೆದಾರನಿಗೆ ಇನ್ನೂ ಕೊಡಬೇಕಾಗಿರುವ ಮೊತ್ತಕ್ಕಿಂತ ಹೆಚ್ಚಿಗೆ ಅದು ಬೆಳೆಯಲಾರದು. ಮೇಲಿನ ಉದಾಹರಣೆಯಲ್ಲಿ ಮೊದಲ ಪದ್ಧತಿಯಂತೆ ನಷ್ಟ ಗೃಹಿಣಿಗೆ, ಎರಡನೆಯದರಂತೆ ಬಡಗಿಗೆ. ಪೆನ್ಸಿಲ್ವೇನಿಯಾ ರಾಜ್ಯವೇ 2014ರ ತಿದ್ದುಪಡಿಯ ಮೂಲಕ, ಗುತ್ತಿಗೆಯ ಪೂರ್ತಿ ಹಣ ಕೊಟ್ಟ ವಾಸದ ಮನೆಯ ಮಾಲೀಕರಿಗೆ ಉಪಗುತ್ತಿಗೆದಾರರ ಲೀನಿನಿಂದ ರಕ್ಷಣೆ ನೀಡಿತು.

ಮಾಲೀಕರಿಗಿರುವ ಇತರ ರಕ್ಷಣೆಗಳು ಇವು.

• ಲೀನ್ ಬಿಡುಗಡೆ ಪತ್ರ: ಹಣ ಕೊಡುವಾಗ ಮುಖ್ಯ ಗುತ್ತಿಗೆದಾರನಿಂದ ಮಾತ್ರವಲ್ಲದೆ, ಮುನ್ಸೂಚನೆ ಕಳುಹಿಸಿದ ಎಲ್ಲರಿಂದಲೂ ಬಿಡುಗಡೆ ಪತ್ರ ಪಡೆಯಬಹುದು. ಕ್ಯಾಲಿಫೋರ್ನಿಯಾದ ಕಾನೂನು ಇದಕ್ಕೆ ನಾಲ್ಕು ನಮೂನೆಗಳನ್ನು ಗೊತ್ತುಪಡಿಸಿದೆ. ಕಂತಿನ ಪಾವತಿಗೆ ಎರಡು, ಅಂತಿಮ ಪಾವತಿಗೆ ಎರಡು. ಪ್ರತಿಯೊಂದರಲ್ಲಿಯೂ ಚೆಕ್ಕು ನಗದಾದ ಮೇಲೆ ಜಾರಿಗೆ ಬರುವ ಷರತ್ತುಬದ್ಧ ಪತ್ರ ಒಂದು, ಷರತ್ತಿಲ್ಲದ ಪತ್ರ ಒಂದು. ಹಣ ಕೈಗೆ ಬರುವ ಮುನ್ನವೇ ಷರತ್ತಿಲ್ಲದ ಪತ್ರಕ್ಕೆ ಸಹಿ ಹಾಕಿದ ಕೆಲಸಗಾರನು ತನ್ನ ಹಕ್ಕನ್ನು ಕಳೆದುಕೊಳ್ಳುವ ಅಪಾಯವಿದೆ.
• ಜಂಟಿ ಚೆಕ್ಕು: ಗುತ್ತಿಗೆದಾರ ಮತ್ತು ಉಪಗುತ್ತಿಗೆದಾರ ಇಬ್ಬರ ಹೆಸರಿನಲ್ಲಿಯೂ ಒಂದೇ ಚೆಕ್ಕು ಬರೆದುಕೊಡುವ ಕ್ರಮ.
• ಬಿಡುಗಡೆ ಬಾಂಡು: ಲೀನ್ ವಿವಾದಾಸ್ಪದವಾಗಿದ್ದರೆ ಮಾಲೀಕ ಅಥವಾ ಗುತ್ತಿಗೆದಾರನು ಜಾಮೀನು ಬಾಂಡನ್ನು ಒದಗಿಸಿ ಆಸ್ತಿಯನ್ನು ಬಿಡಿಸಿಕೊಳ್ಳಬಹುದು. ಕ್ಯಾಲಿಫೋರ್ನಿಯಾದಲ್ಲಿ ಈ ಬಾಂಡು ಲೀನ್ ಮೊತ್ತದ ಶೇಕಡಾ 125ರಷ್ಟಿರಬೇಕು. ಆ ಬಳಿಕ ವಿವಾದವು ಆಸ್ತಿಯ ಬದಲು ಬಾಂಡಿನ ಮೇಲೆ ಮುಂದುವರಿಯುತ್ತದೆ.
• ತೆರವಿನ ಅರ್ಜಿ: ಗಡುವಿನೊಳಗೆ ದಾವೆ ಹೂಡದೆ ಬಿಟ್ಟ ಲೀನನ್ನು ದಾಖಲೆಯಿಂದ ತೆಗೆಸಲು ಮಾಲೀಕನು ನ್ಯಾಯಾಲಯಕ್ಕೆ ಹೋಗಬಹುದು.

ಸರ್ಕಾರಿ ಕಾಮಗಾರಿಗಳು

ಸರ್ಕಾರದ ಆಸ್ತಿಯ ಮೇಲೆ ಲೀನ್ ಹೂಡಲು ಅವಕಾಶವಿಲ್ಲ. ಶಾಲೆ, ಸೇತುವೆ ಅಥವಾ ನ್ಯಾಯಾಲಯದ ಕಟ್ಟಡವನ್ನು ಹರಾಜು ಹಾಕಲಾಗದು. ಇದಕ್ಕೆ ಬದಲಾಗಿ ಅಮೆರಿಕದ ಸಂಯುಕ್ತ ಸರ್ಕಾರವು 1894ರ ಹರ್ಡ್ ಕಾಯ್ದೆ, ಅನಂತರ ಅದರ ಸ್ಥಾನದಲ್ಲಿ 1935ರ ಮಿಲ್ಲರ್ ಕಾಯ್ದೆಯ ಮೂಲಕ ಪಾವತಿ ಬಾಂಡಿನ ಪದ್ಧತಿಯನ್ನು ತಂದಿತು. ದೊಡ್ಡ ಮೊತ್ತದ ಸರ್ಕಾರಿ ಕಾಮಗಾರಿ ಹಿಡಿಯುವ ಗುತ್ತಿಗೆದಾರನು, ತನ್ನ ಕೆಳಗಿನವರಿಗೆ ಹಣ ಸಲ್ಲಿಸುವ ಬಗ್ಗೆ ಜಾಮೀನು ಸಂಸ್ಥೆಯೊಂದರ ಬಾಂಡನ್ನು ಒದಗಿಸಬೇಕು. ಕೊನೆಯ ಕೆಲಸವಾಗಿ 90 ದಿನ ಕಳೆದರೂ ಹಣ ಬಾರದವನು ಒಂದು ವರ್ಷದೊಳಗೆ ಬಾಂಡಿನ ಮೇಲೆ ದಾವೆ ಹೂಡಬಹುದು. ಮುಖ್ಯ ಗುತ್ತಿಗೆದಾರನೊಡನೆ ನೇರ ಕರಾರಿಲ್ಲದವನಾದರೆ ಆ 90 ದಿನಗಳೊಳಗೆ ಅವನಿಗೆ ಲಿಖಿತ ಸೂಚನೆ ಕೊಟ್ಟಿರಬೇಕು. ರಾಜ್ಯಗಳೂ ಇದೇ ಮಾದರಿಯ ಕಾಯ್ದೆಗಳನ್ನು ಮಾಡಿಕೊಂಡಿವೆ. ಇವುಗಳನ್ನು 'ಪುಟ್ಟ ಮಿಲ್ಲರ್ ಕಾಯ್ದೆಗಳು' ಎಂದು ಕರೆಯುವುದು ವಾಡಿಕೆ.

ಇತರ ದೇಶಗಳಲ್ಲಿ

ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ 1873ರಿಂದಲೂ ಲೀನ್ ಕಾಯ್ದೆಯಿದೆ. ಈಗಿನ ನಿರ್ಮಾಣ ಕಾಯ್ದೆಯಂತೆ ಪ್ರತಿ ಪಾವತಿಯಲ್ಲಿಯೂ ಶೇಕಡಾ 10ರಷ್ಟನ್ನು ತಡೆಹಿಡಿದು, ಕೆಳಹಂತದವರ ಬಾಕಿಗೆ ಮೀಸಲಿಡಬೇಕು. 2019ರ ಅಕ್ಟೋಬರ್‌ನಿಂದ ಅಲ್ಲಿ ಸಕಾಲಿಕ ಪಾವತಿಯ ನಿಯಮವೂ ಜಾರಿಯಲ್ಲಿದೆ. ಸರಿಯಾದ ಬಿಲ್ಲು ಬಂದ 28 ದಿನಗಳೊಳಗೆ ಮಾಲೀಕನು ಗುತ್ತಿಗೆದಾರನಿಗೆ, ಹಣ ಬಂದ 7 ದಿನಗಳೊಳಗೆ ಗುತ್ತಿಗೆದಾರನು ಉಪಗುತ್ತಿಗೆದಾರನಿಗೆ ಪಾವತಿ ಮಾಡಬೇಕು.

ಇಂಗ್ಲೆಂಡಿನಲ್ಲಿ ಸ್ಥಿರಾಸ್ತಿಯ ಮೇಲಿನ ನಿರ್ಮಾಣ ಲೀನ್ ಇಲ್ಲ. ಅಲ್ಲಿ 1996ರ ಕಾಯ್ದೆಯೊಂದರ ಮೂಲಕ ಶೀಘ್ರ ತೀರ್ಮಾನದ ಪದ್ಧತಿ ಬಂದಿತು. ನಿರ್ಮಾಣ ಕರಾರಿನ ವಿವಾದವನ್ನು ತಜ್ಞ ತೀರ್ಪುಗಾರನ ಮುಂದಿಟ್ಟರೆ ಸಾಮಾನ್ಯವಾಗಿ 28 ದಿನಗಳಲ್ಲಿ ನಿರ್ಣಯ ದೊರೆಯುತ್ತದೆ. 'ನನಗೆ ಹಣ ಬಂದರೆ ನಿನಗೆ ಕೊಡುವೆ' ಎಂಬ ಷರತ್ತುಗಳಿಗೂ ಆ ಕಾಯ್ದೆ ಬಹುಮಟ್ಟಿಗೆ ತಡೆ ಹಾಕಿತು.

ಭಾರತದಲ್ಲಿ

ಭಾರತದಲ್ಲಿ ಮೆಕ್ಯಾನಿಕ್ಸ್ ಲೀನ್‌ಗೆ ಸಮನಾದ ಶಾಸನವಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 170ನೆಯ ಕಲಮು, ವಸ್ತುವಿನ ಮೇಲೆ ಶ್ರಮ ಅಥವಾ ಕುಶಲತೆ ವ್ಯಯಿಸಿದವನು ಕೂಲಿ ಬರುವ ತನಕ ಅದನ್ನು ಇಟ್ಟುಕೊಳ್ಳಬಹುದೆಂದು ಹೇಳುತ್ತದೆ. ಅಲ್ಲಿ ಕೊಟ್ಟಿರುವ ಉದಾಹರಣೆಗಳು ಒರಟು ವಜ್ರವನ್ನು ಸಾಣೆ ಹಿಡಿಯುವ ಆಭರಣದವನದು ಮತ್ತು ಕೋಟು ಹೊಲಿಯುವ ದರ್ಜಿಯದು. 171ನೆಯ ಕಲಮು ಬ್ಯಾಂಕರು ಮೊದಲಾದ ಕೆಲವು ವರ್ಗದವರಿಗೆ ಸಾಮಾನ್ಯ ಲೀನ್ ನೀಡುತ್ತದೆ. ಎರಡೂ ವಶದಲ್ಲಿರುವ ಚರ ವಸ್ತುಗಳಿಗೆ ಸಂಬಂಧಿಸಿದವು. ಮನೆ ಕಟ್ಟಿದ ಮೇಸ್ತ್ರಿಗೆ ಆ ಮನೆಯ ಮೇಲೆ ಇವು ಯಾವ ಹಕ್ಕನ್ನೂ ಕೊಡುವುದಿಲ್ಲ. ನಿವೇಶನ ಮಾರಿದವನಿಗೆ ಬಾರದೆ ಉಳಿದ ಬೆಲೆಗಾಗಿ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೆಯ ಕಲಮಿನಲ್ಲಿ ಋಣಭಾರದ ಹಕ್ಕಿದೆ. ಅದೇ ನಿವೇಶನದ ಮೇಲೆ ಮನೆ ಕಟ್ಟಿದವನಿಗೆ ಅಂತಹ ಹಕ್ಕಿಲ್ಲ.

ಆದುದರಿಂದ ಇಲ್ಲಿ ಬಾಕಿ ವಸೂಲಿಗೆ ಬೇರೆ ಮಾರ್ಗಗಳನ್ನು ಹಿಡಿಯಬೇಕಾಗುತ್ತದೆ.

• ಹಣ ವಸೂಲಿ ದಾವೆ: 1963ರ ಕಾಲಮಿತಿ ಕಾಯ್ದೆಯಂತೆ, ಪಾವತಿಗೆ ಬೇರೆ ದಿನ ಗೊತ್ತುಮಾಡಿರದಿದ್ದರೆ, ಕೆಲಸ ಮುಗಿದ ದಿನದಿಂದ 3 ವರ್ಷಗಳೊಳಗೆ ಹೂಡಬೇಕು.
• ತೀರ್ಪಿಗೆ ಮೊದಲಿನ ಜಪ್ತಿ: ಸಿವಿಲ್ ಪ್ರಕ್ರಿಯಾ ಸಂಹಿತೆಯ 38ನೆಯ ಆದೇಶದ 5ನೆಯ ನಿಯಮದಂತೆ, ಪ್ರತಿವಾದಿಯು ತೀರ್ಪನ್ನು ನಿಷ್ಫಲಗೊಳಿಸಲು ಆಸ್ತಿ ಪರಭಾರೆ ಮಾಡುತ್ತಿದ್ದಾನೆಂದು ತೋರಿಸಿದರೆ ಜಪ್ತಿ ಕೋರಬಹುದು. ಆದರೆ ಭದ್ರತೆಯಿಲ್ಲದ ಸಾಲವನ್ನು ಭದ್ರತೆಯುಳ್ಳದ್ದಾಗಿ ಮಾರ್ಪಡಿಸಲು ಈ ನಿಯಮವನ್ನು ಬಳಸುವಂತಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು ರಾಮನ್ ಟೆಕ್ ವಿರುದ್ಧ ಸೋಳಂಕಿ ಟ್ರೇಡರ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಲೀನ್ ಮಾಡುವ ಕೆಲಸವೇ ಅದಾಗಿರುವುದರಿಂದ ಎರಡರ ನಡುವಿನ ಅಂತರ ಇಲ್ಲಿ ಎದ್ದು ಕಾಣುತ್ತದೆ.
• ಮಧ್ಯಸ್ಥಿಕೆ: ಕರಾರಿನಲ್ಲಿ ಷರತ್ತಿದ್ದರೆ 1996ರ ಮಧ್ಯಸ್ಥಿಕೆ ಕಾಯ್ದೆಯಂತೆ ನಡೆಯುತ್ತದೆ. ಮಧ್ಯಂತರ ರಕ್ಷಣೆಯನ್ನು 9ನೆಯ ಕಲಮಿನಂತೆ ನ್ಯಾಯಾಲಯದಿಂದ ಕೋರಬಹುದು.
• ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ 2006ರ ಕಾಯ್ದೆ: ನೋಂದಾಯಿತ ಪೂರೈಕೆದಾರರಿಗೆ ಕೊಡಬೇಕಾದ ಹಣಕ್ಕೆ ಕರಾರಿನಲ್ಲಿ ಕೂಡ 45 ದಿನಗಳಿಗಿಂತ ಹೆಚ್ಚಿನ ಅವಧಿ ಇಡುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕ್ ಗೊತ್ತುಪಡಿಸಿದ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ಕಟ್ಟಡ ಕಾಮಗಾರಿಯ ಗುತ್ತಿಗೆಗಳಿಗೆ ಈ ಕಾಯ್ದೆ ಅನ್ವಯಿಸುವುದೇ ಎಂಬುದು ನ್ಯಾಯಾಲಯಗಳಲ್ಲಿ ಚರ್ಚೆಗೆ ಒಳಗಾಗಿದೆ.
• ದಿವಾಳಿ ಸಂಹಿತೆ, 2016: ಬಾಕಿದಾರ ಕಂಪನಿಯಾಗಿದ್ದು, ಬಾಕಿ ಕನಿಷ್ಠ 1 ಕೋಟಿ ರೂಪಾಯಿ ಇದ್ದು, ಅದರ ಬಗ್ಗೆ ಮೊದಲೇ ವಿವಾದವಿಲ್ಲದಿದ್ದರೆ ಈ ಮಾರ್ಗ ತೆರೆದಿರುತ್ತದೆ.

ಕೂಲಿಕಾರರ ಮಟ್ಟಿಗೆ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 21ನೆಯ ಕಲಮು ಲೀನಿಗೆ ಹತ್ತಿರವಾದ ತತ್ತ್ವವೊಂದನ್ನು ತಂದಿತು. ಗುತ್ತಿಗೆದಾರನು ಕೂಲಿ ಕೊಡದಿದ್ದರೆ ಮುಖ್ಯ ಮಾಲೀಕನೇ ಕೊಟ್ಟು, ಆ ಹಣವನ್ನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. ಆದರೆ ಈ ಹೊಣೆ ವ್ಯಕ್ತಿಯ ಮೇಲಿನದು, ಆಸ್ತಿಯ ಮೇಲಿನದಲ್ಲ. ಸಾಮಗ್ರಿ ಕೊಟ್ಟವರಿಗೂ ಉಪಗುತ್ತಿಗೆದಾರರ ಬಾಕಿಗೂ ಇದು ಅನ್ವಯಿಸುವುದಿಲ್ಲ.

ಕರಾರಿನ ಮೂಲಕವೇ ಭದ್ರತೆ ಪಡೆಯಲು ಭಾರತದಲ್ಲಿಯೂ ಅಡ್ಡಿಯಿಲ್ಲ. ಮುಂಗಡ ಹಣ, ಹಂತ ಹಂತದ ಪಾವತಿ, ಬ್ಯಾಂಕ್ ಖಾತರಿ, ಅಥವಾ ಸ್ವತ್ತು ವರ್ಗಾವಣೆ ಕಾಯ್ದೆಯ 100ನೆಯ ಕಲಮಿನಂತೆ ಆಸ್ತಿಯ ಮೇಲೆ ಒಪ್ಪಂದದ ಋಣಭಾರ ಇವುಗಳಲ್ಲಿ ಸೇರಿವೆ. ಆದರೆ ಇವೆಲ್ಲವೂ ಚೌಕಾಶಿಯ ಬಲವುಳ್ಳವರಿಗೆ ಮಾತ್ರ ದೊರೆಯುತ್ತವೆ.

ಟೀಕೆಗಳು

ಗಡುವು ಮತ್ತು ನಮೂನೆಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುವುದರಿಂದ, ವಕೀಲರ ನೆರವಿಲ್ಲದ ಸಣ್ಣ ಕೆಲಸಗಾರರೇ ಹಕ್ಕು ಕಳೆದುಕೊಳ್ಳುತ್ತಾರೆ ಎಂಬುದು ಈ ಪದ್ಧತಿಯ ಮೇಲಿನ ಪ್ರಮುಖ ಟೀಕೆ. ಸಣ್ಣ ಮೊತ್ತದ ಬಾಕಿಗೆ ಲೀನ್ ದಾವೆಯ ಖರ್ಚು ಬಾಕಿಯನ್ನೇ ಮೀರಬಹುದು. ಮತ್ತೊಂದೆಡೆ, ಕೆಲಸದ ಗುಣಮಟ್ಟದ ಬಗ್ಗೆ ನ್ಯಾಯವಾದ ದೂರುಳ್ಳ ಮಾಲೀಕನನ್ನು ಮಣಿಸಲು ಲೀನನ್ನು ಬಳಸುವುದುಂಟು ಎಂಬ ಆಕ್ಷೇಪವೂ ಇದೆ. ಇದನ್ನು ಸಮರ್ಥಿಸುವವರು, ಸಾಮಗ್ರಿ ಮತ್ತು ಶ್ರಮವನ್ನು ಸಾಲವಾಗಿ ಕೊಡುವ ಧೈರ್ಯ ಕೆಲಸಗಾರರಿಗೆ ಬರುವುದೇ ಈ ಭದ್ರತೆಯಿಂದ ಎಂದು ಹೇಳುತ್ತಾರೆ. 1791ರಲ್ಲಿ ಹೊಸ ರಾಜಧಾನಿಯನ್ನು ಕಟ್ಟಲು ಹೊರಟವರು ಇದೇ ಕಾರಣಕ್ಕಾಗಿ ಈ ಹಕ್ಕನ್ನು ಶಾಸನಕ್ಕೆ ತಂದಿದ್ದರು.